ಅರವತ್ತು ಕುರ್ಚಿ, ಒಂದು ಸಾಫ್ಟ್‌ವೇರ್

ಫೆಬ್ರವರಿ 3

ಅತ್ತೆಗೆ,

ಮೂರು ವರ್ಷದ ನಮಸ್ಕಾರಗಳನ್ನು ಒಟ್ಟಿಗೆ ಕಳಿಸುತ್ತಿದ್ದೇನೆ, ಎಣಿಸಿಕೊಳ್ಳಿ. ಫೋನಿನಲ್ಲಿ ನಿಮಗೆ ಅರ್ಧ ಮಾತು ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ರೇಗುತ್ತೀರಿ ಎಂದು ಅಪ್ಪ ಹೇಳಿದರು. ಅದಕ್ಕೇ ಈ ಕಾಗದ. ಕೆಲಸ ಬಿದ್ದಾಗ ಅತ್ತೆಯ ನೆನಪಾಯಿತೇ ಎಂದು ನೀವು ಕೇಳುವ ಮುಂಚೆಯೇ ಒಪ್ಪಿಕೊಳ್ಳುತ್ತೇನೆ. ಹೌದು, ಕೆಲಸ ಬಿದ್ದಿದೆ.

ನೀವು ಇಪ್ಪತ್ತೆಂಟು ವರ್ಷ ಸ್ಟೋರು ನೋಡಿಕೊಂಡ ನಮ್ಮ ಗಾಲಿಕುರ್ಚಿ ಕಾರ್ಖಾನೆಗೆ ಕುತ್ತು ಬಂದಿದೆ. ದೊಡ್ಡಾಸ್ಪತ್ರೆಗೆ ಕಳೆದ ಮೂರು ಸಲವೂ ಕುರ್ಚಿಗಳನ್ನು ತಡವಾಗಿ ಕೊಟ್ಟೆವು. ಒಮ್ಮೆ ಹನ್ನೊಂದು ದಿನ, ಒಮ್ಮೆ ಇಪ್ಪತ್ತು, ಕೊನೆಯ ಸಲದ್ದು ಹೇಳಲು ನಾಚಿಕೆ. ಅಲ್ಲಿಯ ಥೆರಪಿ ವಿಭಾಗದ ಮೇಡಂ ಈ ಸಲ ನನ್ನನ್ನು ಕೂರಿ ಎಂದೂ ಅನ್ನಲಿಲ್ಲ. "ಅರವತ್ತು ಕುರ್ಚಿ. ಜೂನ್ ಮೂವತ್ತು. ಒಂದು ದಿನ ಆಚೆ ಹೋದ್ರೂ ನಿಮ್ಮ ಹತ್ರ ಮತ್ತೆ ಬರಲ್ಲ" ಎಂದರು.

ಅಣ್ಣನಿಗೆ ಇದೇ ಬೇಕಾಗಿತ್ತು. "ಕುರ್ಚಿ ಮಾಡೋದ್ಯಾಕೆ? ರೆಡಿ ಕುರ್ಚಿ ಡಬ್ಬದಲ್ಲೇ ಬರುತ್ತೆ, ಬಿಚ್ಚಿ ಮಾರೋಣ" ಎನ್ನುತ್ತಾನೆ. ಅಪ್ಪ ಅರ್ಧ ಒಪ್ಪಿದ್ದಾರೆ. ಜೂನ್ ಮೂವತ್ತರೊಳಗೆ ಅರವತ್ತೂ ಹೋಗದಿದ್ದರೆ ವೆಲ್ಡಿಂಗ್ ಶೆಡ್ಡು ಶೋರೂಮ್ ಆಗುತ್ತದೆ, ಹದಿನೆಂಟು ಜನ ಮನೆಗೆ ಹೋಗುತ್ತಾರೆ. ಒಬ್ಬೊಬ್ಬರ ಬೆನ್ನು, ತೊಡೆ, ಕೈ ಅಳೆದು ಅವರ ಮೈಗೆ ತಕ್ಕ ಕುರ್ಚಿ ಮಾಡುವವರು ಈ ಸುತ್ತಿನಲ್ಲಿ ನಾವೊಬ್ಬರೇ ಅಲ್ಲವೇ ಅತ್ತೆ? ನಾನು ಹಠ ಹಿಡಿದೆ. ಅಪ್ಪ ಕೊನೆಗೆ ಹೇಳಿದರು: "ಸರಿ. ಒಂದು ಸಾಫ್ಟ್‌ವೇರ್ ತಗೋ. ಒಂದೇ. ಯಾವುದು ಅಂತ ನೀನೇ ಆರಿಸು. ಜೂನ್‌ಗೆ ಮಾತಾಡೋಣ."

ಆರಿಸುವುದೇ ಕಷ್ಟವಾಗಿದೆ. ಮೊದಲು ಬಂದವರು ಇಆರ್‌ಪಿಯವರು. ಖರೀದಿ, ಮಾರಾಟ, ಸಂಬಳ, ರಜೆ, ಲೆಕ್ಕ, ಇಡೀ ಕಂಪನಿಯೇ ಅದರೊಳಗೆ. ತೆರೆದರೆ ನಲವತ್ತೆರಡು ಗುಂಡಿಗಳು. "ನಿಮ್ಮ ಕಾನೂನು ವಿಭಾಗದ ಮುಖ್ಯಸ್ಥರು ಯಾರು?" ಎಂದು ಕೇಳಿದರು. ನಮ್ಮಲ್ಲಿ ಕಾನೂನು ವಿಭಾಗ ಎಂದರೆ ಅಪ್ಪನ ಗಂಟಲು. ಆದರೂ ಅಪ್ಪನಿಗೆ ಅದೇ ಹಿಡಿಸಿತು. "ದೊಡ್ಡದು ತಗೊಂಡ್ರೆ ಎಲ್ಲಾ ಅದರಲ್ಲೇ ಇರುತ್ತಲ್ಲ" ಎನ್ನುತ್ತಾರೆ. ಎರಡನೆಯವರದು ಸಿಆರ್‌ಎಂ. ಗಿರಾಕಿಗಳು ಯಾರು, ಏನು ಕೇಳಿದರು, ಯಾವಾಗ ಮತ್ತೆ ಮಾತಾಡಿಸಬೇಕು ಎಂದು ನೆನಪಿಟ್ಟುಕೊಳ್ಳುವಂಥದ್ದು. ಅಣ್ಣ ಅದರ ಮೇಲೆ ಬಿದ್ದು ಸಾಯುತ್ತಿದ್ದಾನೆ. ಮೂರನೆಯವರು ಒಬ್ಬರೇ ಹೆಂಗಸು, ಮೂಲೆ ಒಡೆದ ಲ್ಯಾಪ್‌ಟಾಪು. ಸಾಮಾನು ಎಷ್ಟಿದೆ, ಯಾವ ಕೆಲಸ ಎಲ್ಲಿಯವರೆಗೆ ಬಂದಿದೆ, ಅಷ್ಟನ್ನೇ ತೋರಿಸುವ ಚಿಕ್ಕ ಸಾಫ್ಟ್‌ವೇರು. ಲ್ಯಾಪ್‌ಟಾಪು ತೆರೆಯುವ ಮುಂಚೆ "ಮೊದಲು ನಿಮ್ಮ ಶೆಡ್ ತೋರಿಸಿ" ಎಂದರು. ಲೆಕ್ಕಕ್ಕೆ ಬೇರೆ ಸಾಫ್ಟ್‌ವೇರು ನಮ್ಮಲ್ಲಿ ಹೇಗೂ ಮೊದಲೇ ಇದೆ.

ಮೂವರ ಮಾತು ಕೇಳುವಾಗಲೂ ಮೂವರೂ ಸರಿ ಅನ್ನಿಸುತ್ತದೆ. ನಮ್ಮ ಕಾರ್ಖಾನೆಯ ನಾಡಿ ಹಿಡಿಯಲು ನಿಮ್ಮನ್ನು ಬಿಟ್ಟರೆ ಯಾರಿಗೂ ಬರುವುದಿಲ್ಲ. ಯಾವುದು ತಗೊಳ್ಳಲಿ?

ಉತ್ತರಕ್ಕೆ ಬಾಗಿಲಲ್ಲೇ ಕಾದಿರುವ,
ನಿಮ್ಮ ಗಡಿಬಿಡಿ


ಫೆಬ್ರವರಿ 11

ಗಡಿಬಿಡಿಗೆ,

ನಮಸ್ಕಾರ ಎಣಿಸಿದೆ. ಎರಡು ಕಡಿಮೆ ಇವೆ, ಮುಂದಿನ ಕಾಗದದಲ್ಲಿ ಸೇರಿಸಿ ಕಳಿಸು.

ಮೂರು ವರ್ಷದ ಹಿಂದೆ ಎಲ್ಲರ ಎದುರು ನೀನು "ಇಡೀ ಸ್ಟೋರು ಅತ್ತೆ ತಲೇಲಿದೆ, ಹೀಗಾದ್ರೆ ಕಾರ್ಖಾನೆ ನಡೆಸೋದು ಹೇಗೆ" ಎಂದೆ. ನಾನು ಬೀಗದ ಕೈಗೊಂಚಲು ಮೇಜಿನ ಮೇಲಿಟ್ಟು ಮಗಳ ಮನೆಗೆ ಬಂದೆ. ಅದರ ಬಗ್ಗೆ ನಾನು ಮಾತಾಡುವುದಿಲ್ಲ. ಮಾತಾಡುವುದಿಲ್ಲ ಎಂದು ಹೇಳುವುದಕ್ಕೇ ಇಷ್ಟು ಶಾಯಿ ಖರ್ಚಾಯಿತು, ಹೋಗಲಿ.

ಯಾವುದು ತಗೊಳ್ಳಲಿ ಎಂದು ನನ್ನನ್ನು ಕೇಳಬೇಡ. ನನಗೆ ಸಾಫ್ಟ್‌ವೇರೂ ಗೊತ್ತಿಲ್ಲ, ಹಾರ್ಡ್‌ವೇರಿನಲ್ಲಿ ಮೊಳೆ, ತಿರುಪು ಬಿಟ್ಟರೆ ಬೇರೆ ಗೊತ್ತಿಲ್ಲ. ಆದರೆ ಒಂದು ಮಾತು. ಅಂಗಡಿಯವನನ್ನು "ನಿನ್ನ ಹತ್ತಿರ ಏನೇನಿದೆ" ಎಂದು ಕೇಳಿದರೆ ಅವನು ಅಂಗಡಿಯನ್ನೇ ತಲೆಗೆ ಕಟ್ಟುತ್ತಾನೆ. ಕಾನೂನು ವಿಭಾಗ ಇಲ್ಲದವರಿಗೆ ನಲವತ್ತೆರಡು ಗುಂಡಿ ಕೊಡುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ನಿಮ್ಮಪ್ಪ ಚಿಕ್ಕಂದಿನಲ್ಲೂ ಹೀಗೇ, ಬೆಳೆಯುವ ಕಾಲು ಎಂದು ಎರಡು ಸೈಜು ದೊಡ್ಡ ಬೂಟು ತಗೊಂಡು ವರ್ಷವಿಡೀ ಎಡವುತ್ತಿದ್ದ.

ನೀನು ಹೀಗೆ ಮಾಡು. ಶೆಡ್ಡಿನ ನಡುಗಂಬಕ್ಕೆ ದೊಡ್ಡ ಕಾಗದ ಅಂಟಿಸಿ ಪೆನ್ಸಿಲು ಕಟ್ಟು. ಸೋಮವಾರದಿಂದ ಶನಿವಾರದವರೆಗೆ ಯಾರಾದರೂ ಪ್ರಶ್ನೆ ಕೇಳಿ, ಅಲ್ಲೇ ನಿಂತವರು ಯಾರಿಗೂ ಉತ್ತರ ಗೊತ್ತಿಲ್ಲದಿದ್ದರೆ, ಆ ಪ್ರಶ್ನೆಯನ್ನು ಬರೆಯಬೇಕು. ಕೇಳಿದ್ದು ಹೇಗೋ ಹಾಗೆಯೇ. ಬೈಗುಳ ಇದ್ದರೆ ಬೈಗುಳದ ಸಮೇತ. ಆರು ದಿನವಾದ ಮೇಲೆ ಕೂತು ಓದು. ರೋಗ ಯಾವುದು ಎಂದು ಆ ಕಾಗದವೇ ಹೇಳುತ್ತದೆ. ಆಮೇಲೆ ಔಷಧಿ ಆರಿಸುವುದು ಮಕ್ಕಳಾಟ.

ಚಕ್ರದ ಮೇಸ್ತ್ರಿಯನ್ನು ಕೇಳಿದೆ ಎಂದು ಹೇಳು. ಅವರ ಮಂಡಿನೋವು ಹೇಗಿದೆ?

ನಿನ್ನ
ಅತ್ತೆ


ಫೆಬ್ರವರಿ 27

ಅತ್ತೆ, ಅತ್ತೆ, ಅತ್ತೆ,

ಬಾಕಿ ಇದ್ದ ಎರಡು ನಮಸ್ಕಾರದ ಜೊತೆ ನೂರು ಸೇರಿಸಿದ್ದೇನೆ!

ಕಾಗದ ಅಂಟಿಸಿದೆ. ಮೊದಲ ದಿನ ಎಲ್ಲರೂ ನಕ್ಕರು. ಸೀಟು ಹೊಲಿಯುವ ಅಕ್ಕ ಮಾತ್ರ ಮುಖ ಗಂಟಿಕ್ಕಿಕೊಂಡು ಬಂದು, "ನನ್ನ ಕತ್ತರಿ ಯಾವ ಪುಣ್ಯಾತ್ಮ ಒಯ್ದ?" ಎಂದು ಬರೆದು ಹೋದರು. ಅಲ್ಲಿಂದ ಶುರುವಾಯಿತು. ಬುಧವಾರ ಎರಡನೇ ಕಾಗದ ಅಂಟಿಸಬೇಕಾಯಿತು. ವೆಲ್ಡರ್ ಬರೆದದ್ದನ್ನು ನಿಮಗೆ ಕಳಿಸುವ ಹಾಗಿಲ್ಲ, ಅಂಚೆಯವರು ಮುಟ್ಟಲಿಕ್ಕಿಲ್ಲ.

ಒಟ್ಟು ನೂರ ಎಪ್ಪತ್ತಮೂರು ಪ್ರಶ್ನೆ. ಭಾನುವಾರ ಊಟದ ಮೇಜಿನ ಮೇಲೆ ಹರಡಿಕೊಂಡು ವಿಂಗಡಿಸಿದೆ. ಗಿರಾಕಿಗಳ ಬಗ್ಗೆ ಒಂಬತ್ತು. ಬಿಲ್ಲು, ಲೆಕ್ಕದ ಬಗ್ಗೆ ಹದಿನಾಲ್ಕು. ಯಾರು ರಜೆ, ಯಾರು ಬಂದರು ಎಂದು ಹನ್ನೊಂದು. ಉಳಿದ ನೂರ ಮೂವತ್ತೊಂಬತ್ತೂ ಒಂದೇ ಜಾತಿಯವು: "ಆ ಎತ್ತರದ ಹುಡುಗಿಯ ಕುರ್ಚಿ ಎಲ್ಲಿಗೆ ಬಂತು?" "ಕಾಲಿಡೋ ತಟ್ಟೆ ಇನ್ನೆಷ್ಟಿವೆ?" "ಪೇಂಟ್ ಆಗಿದ್ದನ್ನ ಮತ್ತೆ ಪೇಂಟಿಗೆ ಯಾರು ಕಳಿಸಿದ್ದು?"

ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅಣ್ಣ, "ಗಿರಾಕಿ ಬಗ್ಗೆ ಪ್ರಶ್ನೆ ಒಂಬತ್ತೇನಾ? ನಾನು ಊರಲ್ಲಿ ಇರ್ಲಿಲ್ಲ ಅದಕ್ಕೆ" ಎಂದ. ನಾನು ಹೇಳಿದೆ: "ಅಣ್ಣ, ಗಿರಾಕಿಗಳನ್ನ ನಾವು ಮರೆತಿಲ್ಲ. ಅವರ ಕುರ್ಚಿ ಎಲ್ಲಿದೆ ಅನ್ನೋದನ್ನ ಮರೆತಿದ್ದೀವಿ. ಸಿಆರ್‌ಎಂ ತಗೊಂಡ್ರೆ ತಡ ಆಯ್ತು ಅಂತ ಕ್ಷಮೆ ಕೇಳೋಕೆ ಸರಿಯಾದ ಟೈಮಿಗೆ ಫೋನ್ ಮಾಡಬಹುದು ಅಷ್ಟೇ." ಅಪ್ಪ ನಕ್ಕುಬಿಟ್ಟರು. ಅಪ್ಪ ನಕ್ಕರೆ ಅರ್ಧ ಗೆದ್ದಂತೆ ಎಂದು ನೀವೇ ಹೇಳುತ್ತಿದ್ದಿರಿ.

ಇಆರ್‌ಪಿಯನ್ನೂ ಬಿಟ್ಟೆ. ಅದು ಕೆಟ್ಟದ್ದೆಂದಲ್ಲ. ಅದರೊಳಗೆ ಈ ನೂರ ಮೂವತ್ತೊಂಬತ್ತಕ್ಕೂ ಉತ್ತರ ಇದೆ. ಆದರೆ ಹದಿನೆಂಟು ಜನಕ್ಕೆ ಅದನ್ನು ಕಲಿಸಿ ಮುಗಿಸುವಾಗ ಎಂಟು ತಿಂಗಳಾಗುತ್ತದೆ ಎಂದು ಅವರೇ ಒಪ್ಪಿಕೊಂಡರು. ಜೂನ್ ಯಾರಿಗೋಸ್ಕರವೂ ಕಾಯುವುದಿಲ್ಲ. ಮೂಲೆ ಒಡೆದ ಲ್ಯಾಪ್‌ಟಾಪಿನ ಹೆಂಗಸಿಗೆ ಫೋನು ಮಾಡಿ ಬನ್ನಿ ಎಂದೆ. ಸಾಮಾನು ಮತ್ತು ಕೆಲಸ, ಎರಡನ್ನು ತೋರಿಸಿದರೆ ಸಾಕು.

ಇದನ್ನು ಆರಿಸಿದ್ದು ನಾನು, ಆದರೆ ಕಣ್ಣು ಕೊಟ್ಟಿದ್ದು ನೀವು. ಅಂದು ನಾನು ಹೇಳಿದ ಮಾತಿನ ಬಗ್ಗೆ ನೀವು ಮಾತಾಡದಿದ್ದರೂ ನಾನು ಮಾತಾಡುತ್ತೇನೆ. ಅದನ್ನು ನಿಮ್ಮ ಹತ್ತಿರ ಬಂದು ಒಬ್ಬರಿಗೇ ಹೇಳಬೇಕಾಗಿತ್ತು. ಎಲ್ಲರ ಎದುರು ಹೇಳಿದ್ದು ತಪ್ಪು. ತಪ್ಪಾಯಿತು ಅತ್ತೆ.

ಮೇಸ್ತ್ರಿಯ ಮಂಡಿ ನಿಮ್ಮ ಹೆಸರು ಕೇಳಿದ ಕೂಡಲೇ ನೆಟ್ಟಗಾಯಿತು.

ಕುಣಿಯುತ್ತಿರುವ,
ಗಡಿಬಿಡಿ


ಮಾರ್ಚ್ 8

ಗಡಿಬಿಡಿಗೆ,

ಕಾಗದ ನಾಲ್ಕು ಸಲ ಓದಿದೆ. ಮೊದಲ ಮೂರು ಸಲ ಲೆಕ್ಕಕ್ಕೆ, ನಾಲ್ಕನೇ ಸಲ ಆ ಕೊನೆಯ ಪ್ಯಾರಾಕ್ಕೆ. ಅದಕ್ಕೆ ಉತ್ತರ ಬರೆಯಲು ಗೊತ್ತಾಗುತ್ತಿಲ್ಲ. ಬರೆದಿದ್ದೇನೆ ಎಂದುಕೋ.

ಆರಿಸಿದ್ದು ಸರಿಯಾಗಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿದ್ದೀಯ.

ಸ್ಟೋರಿನ ಸಾಮಾನು ಎಣಿಸಿ ಅದರಲ್ಲಿ ತುಂಬಬೇಕು ಅಲ್ಲವೇ? ನೀನೇ ನಿಂತು ಎಣಿಸು, ಬೇರೆಯವರಿಗೆ ಬಿಡಬೇಡ. ಕೊನೆಯ ಕಪಾಟಿನ ಕೆಳಗಿನ ಸಾಲು ಮಾತ್ರ ಅಷ್ಟೇನೂ ಕೆದಕಬೇಡ, ಅಲ್ಲಿ ಬರೀ ಧೂಳು. ನಿನಗೆ ಸೀನು ಬರುತ್ತದೆ.

ಅತ್ತೆ


ಏಪ್ರಿಲ್ 19

ಅತ್ತೆಗೆ,

ಆರು ವಾರ ಬರೆಯಲಿಲ್ಲ. ಮೊದಲ ನಾಲ್ಕು ವಾರ ಖುಷಿಯಿಂದ, ಆಮೇಲೆ ಭಯದಿಂದ.

ಮೊದಲು ಖುಷಿಯದ್ದು. ಸೀಟು ಹೊಲಿಯುವ ಅಕ್ಕನ ಮೇಜಿನ ಪಕ್ಕ ಗೋಡೆಗೆ ಟಿವಿಯಂಥ ಪರದೆ ಹಾಕಿದ್ದೇವೆ. ಪ್ರತಿ ಕುರ್ಚಿಗೂ ಒಂದು ಸಾಲು. ಪೈಪು ಬಗ್ಗಿತೇ, ವೆಲ್ಡ್ ಆಯಿತೇ, ಬಣ್ಣವೇ, ಸೀಟೇ, ಚಕ್ರವೇ, ಎಲ್ಲ ಅಲ್ಲೇ ಕಾಣುತ್ತದೆ. ಶೆಡ್ಡಿನಲ್ಲಿ ಕೂಗಾಟ ನಿಂತು, ವೆಲ್ಡರ್ ಹಾಡಿಕೊಳ್ಳುವುದು ಕೇಳಿಸುವಷ್ಟು ಶಾಂತಿ. ಅವರು ಇಷ್ಟು ಕೆಟ್ಟದಾಗಿ ಹಾಡುತ್ತಾರೆಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಈಗ ಭಯದ್ದು. ಮುಂದಿನ ಚಿಕ್ಕ ಚಕ್ರದ ಬೇರಿಂಗು ಒಂದು ಕುರ್ಚಿಗೆ ನಾಲ್ಕು ಬೇಕು. ಸ್ಟೋರಿನಲ್ಲಿ ನಾನೇ ಎಣಿಸಿದಾಗ ಇದ್ದದ್ದು ಮೂವತ್ತಾರು. ಕೂಡಲೇ ಆರ್ಡರ್ ಹಾಕಿದೆ. ಕೊಡುವವರು ಜುಲೈ ಎಂದು ಕೈಚೆಲ್ಲಿದ್ದಾರೆ, ಆ ಅಳತೆಯದ್ದು ಬೇರೆಲ್ಲೂ ಸಿಗುತ್ತಿಲ್ಲ. ಒಂಬತ್ತು ಕುರ್ಚಿ ಮುಗಿದ ದಿನ ಪರದೆ ಸೊನ್ನೆ ತೋರಿಸಿತು. ಸರಿ, ಕೆಲಸ ನಿಂತಿತು ಎಂದು ತಲೆ ಮೇಲೆ ಕೈಹೊತ್ತು ಕೂತೆ.

ಆದರೆ ಕೆಲಸ ನಿಲ್ಲಲಿಲ್ಲ ಅತ್ತೆ! ಸೊನ್ನೆ ಆದ ಮೇಲೂ ಐದು ಕುರ್ಚಿ ಮುಗಿದು ಹೊರಗೆ ಬಂದಿವೆ. ತಿರುಗಿಸಿ ನೋಡಿದರೆ ನಾಲ್ಕು ನಾಲ್ಕು ಬೇರಿಂಗು ಇವೆ, ಹೊಚ್ಚ ಹೊಸವು. ಎಲ್ಲಿಂದ ಬಂತು ಎಂದರೆ ಮೇಸ್ತ್ರಿ, "ಇತ್ತಮ್ಮ, ಹಾಕಿದೆ" ಎಂದು ಬೇರೆ ಕಡೆ ನೋಡುತ್ತಾರೆ. ಸಾಫ್ಟ್‌ವೇರಿನ ಹೆಂಗಸು ಎರಡು ಸಲ ಬಂದು ಪರೀಕ್ಷಿಸಿದರು. "ನನ್ನದರಲ್ಲಿ ತಪ್ಪಿಲ್ಲ. ನೀವು ಹೇಳದೇ ಇರೋದನ್ನ ಅದು ತೋರಿಸಲ್ಲ" ಎಂದರು. ಅಣ್ಣನಂತೂ ಹಬ್ಬ ಮಾಡುತ್ತಿದ್ದಾನೆ. "ಬೇರಿಂಗಲ್ಲಿ ಸುಳ್ಳು ಹೇಳೋ ಪರದೆ ಉಳಿದಿದ್ರಲ್ಲಿ ನಿಜ ಹೇಳುತ್ತಾ?"

ಮೊನ್ನೆಯಿಂದ ಇಬ್ಬರು ಮತ್ತೆ ಕೂಗಿ ಕೇಳತೊಡಗಿದ್ದಾರೆ. ನಾನು ತಪ್ಪಾಗಿ ಆರಿಸಿದೆನೇ? ನಿಮಗೇನಾದರೂ ತೋಚುತ್ತದೆಯೇ?

ಗಡಿಬಿಡಿ


ಮೇ 4

ಅತ್ತೆಗೆ,

ಹದಿನೈದು ದಿನವಾಯಿತು, ನಿಮ್ಮಿಂದ ಸುದ್ದಿ ಇಲ್ಲ. ಆರೋಗ್ಯವಾಗಿದ್ದೀರಿ ಎಂದು ನಿಮ್ಮ ಮಗಳು ಹೇಳಿದಳು.

ಇನ್ನೂ ನಲವತ್ತಾರು ಕುರ್ಚಿ ಬಾಕಿ ಇವೆ. ವಾರದಿಂದ ಒಂದೂ ಮುಗಿದಿಲ್ಲ. ಅಣ್ಣನ ತರ್ಕ ಹೀಗಿದೆ: ಮೇಸ್ತ್ರಿ ಇಷ್ಟು ವರ್ಷ ಬೇರಿಂಗು ಕದಿಯುತ್ತಿದ್ದರು, ಈಗ ಎಣಿಕೆ ಶುರುವಾಯಿತೆಂದು ಹೆದರಿ ಒಂದೊಂದೇ ವಾಪಸು ತರುತ್ತಿದ್ದಾರೆ, ನಾನು ನೋಡುತ್ತಿದ್ದೇನೆಂದು ಅದನ್ನೂ ನಿಲ್ಲಿಸಿದ್ದಾರೆ. ಅಪ್ಪ ಅದನ್ನು ನನಗೇ ಬಿಟ್ಟಿದ್ದಾರೆ. ಮುಂದಿನ ಶನಿವಾರ ಮೇಸ್ತ್ರಿಯನ್ನು ಕೂರಿಸಿ ನಾನೇ ಕೇಳಬೇಕಂತೆ. ತಪ್ಪಿದ್ದರೆ ನಾನೇ ಕೆಲಸದಿಂದ ತೆಗೆಯಬೇಕಂತೆ.

ನನಗೆ ಸೈಕಲ್ಲು ಕಲಿಸಿದ ಮನುಷ್ಯ ಅತ್ತೆ. ಹೇಗೆ ಕೇಳಲಿ?

ಗಡಿಬಿಡಿ


ಮೇ 6

ಮಗಳೇ,

ಮೇಸ್ತ್ರಿಯನ್ನು ಏನೂ ಕೇಳಬೇಡ. ಕೇಳಬೇಕಾದದ್ದು ನನ್ನನ್ನು.

ಸ್ಟೋರಿನ ಕೊನೆಯ ಕಪಾಟಿನ ಕೆಳಗಿನ ಹಲಗೆ ಎತ್ತು. ಹಿಂದೆ ಒಂದು ಬಿಸ್ಕತ್ತಿನ ಡಬ್ಬಿ ಇದೆ. ಅದರಲ್ಲಿ ಎಂಬತ್ತು ಬೇರಿಂಗುಗಳಿವೆ, ಎಣ್ಣೆ ಕಾಗದದಲ್ಲಿ ಸುತ್ತಿಟ್ಟದ್ದು. ಇಟ್ಟವಳು ನಾನು. ಧೂಳು ಎಂದು ನಿನಗೆ ಸುಳ್ಳು ಹೇಳಿದವಳೂ ನಾನೇ. ನಿನ್ನ ಏಪ್ರಿಲ್ ಕಾಗದ ಬಂದ ದಿನವೇ ಎಲ್ಲ ಅರ್ಥವಾಗಿತ್ತು. ಹದಿನೈದು ದಿನ ಪೆನ್ನು ಹಿಡಿದೆ, ಇಟ್ಟೆ, ಹಿಡಿದೆ, ಇಟ್ಟೆ. ನಾಚಿಕೆ ನನ್ನದು, ಅದರ ಪೆಟ್ಟು ಮೇಸ್ತ್ರಿಗೆ ಬೀಳುತ್ತದೆ ಎಂದರೆ ಇನ್ನು ಸುಮ್ಮನಿರಲಾರೆ.

ಇಪ್ಪತ್ತೆರಡು ವರ್ಷದ ಹಿಂದೆ, ನೀನಿನ್ನೂ ಚಿಕ್ಕವಳು, ಇದೇ ಬೇರಿಂಗು ಎರಡು ತಿಂಗಳು ಸಿಗಲಿಲ್ಲ. ಒಬ್ಬ ತಾಯಿ ಪ್ರತಿ ಸೋಮವಾರ ಬರುತ್ತಿದ್ದಳು. ಹನ್ನೆರಡು ವರ್ಷದ ಮಗನನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದು, "ಆಯ್ತಾ ಅಮ್ಮ?" ಎನ್ನುತ್ತಿದ್ದಳು. ಕುರ್ಚಿ ತಯಾರಿತ್ತು, ನಾಲ್ಕು ಬೇರಿಂಗು ಇಲ್ಲ. ಐದು ಸೋಮವಾರ ಅವಳಿಗೆ ಇಲ್ಲ ಎಂದೆ. ಆರನೇ ಸೋಮವಾರ ಅವಳು ಬರಲಿಲ್ಲ. ಬೇರಿಂಗು ಬಂದ ಮೇಲೆ ಹುಡುಕಿಕೊಂಡು ಹೋದೆ, ಮನೆ ಖಾಲಿ ಮಾಡಿ ಹೋಗಿದ್ದರು.

ಅಂದೇ ಮೇಸ್ತ್ರಿಗೆ ಹೇಳಿದೆ: "ನಿಮ್ಮ ಡ್ರಾಯರಲ್ಲಿ ನಾಲ್ಕು ಯಾವಾಗಲೂ ಇರಲಿ. ಯಾರಿಗೂ ಹೇಳಬೇಡಿ." ಪೇಂಟರಿಗೂ ಅದನ್ನೇ ಹೇಳಿದೆ, ವೆಲ್ಡರಿಗೂ ಅದನ್ನೇ. ನಾಲ್ಕು ಹತ್ತಾಯಿತು, ಹತ್ತು ನಲವತ್ತಾಯಿತು. ಹೊಸಬರು ಬಂದರೆ ಹಳಬರು ಮೊದಲ ವಾರವೇ ಕಲಿಸುತ್ತಿದ್ದರು, ಒಂದಿಷ್ಟು ಬಚ್ಚಿಡು, ಆಪತ್ಕಾಲಕ್ಕೆ ಇರಲಿ ಎಂದು. ನಮ್ಮ ಶೆಡ್ಡಿನಲ್ಲಿ ಕಳ್ಳರು ಯಾರೂ ಇಲ್ಲ. ಎಲ್ಲರೂ ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವವರು. ನಿನ್ನ ಪರದೆ ನಿಜವನ್ನೇ ಹೇಳಿದೆ, ಸ್ಟೋರಿನಲ್ಲಿ ಸೊನ್ನೆಯೇ. ಸುಳ್ಳು ಹೇಳುತ್ತಿದ್ದದ್ದು ನನ್ನ ರಿಜಿಸ್ಟರು, ಅದೂ ಇಪ್ಪತ್ತೆರಡು ವರ್ಷ. ಅಂದು ನಿನ್ನ ಮಾತು ಅಷ್ಟು ನಾಟಿದ್ದು ಅದು ನಿಜವಾಗಿದ್ದಕ್ಕೆ.

ಶನಿವಾರ ಯಾರನ್ನೂ ವಿಚಾರಿಸಬೇಡ. ಮೇಜೊಂದನ್ನು ಶೆಡ್ಡಿನ ನಡುವೆ ಹಾಕಿ, ಮೊದಲು ನನ್ನ ಡಬ್ಬಿ ಇಡು. ಆಮೇಲೆ ಈ ಕಾಗದ ಗಟ್ಟಿಯಾಗಿ ಓದು. ಒಂದು ಸಾಲೂ ಬಿಡಬೇಡ, ನಾಚಿಕೆ ಎನ್ನುವುದನ್ನೂ ಬಿಡಬೇಡ.

ನಿನ್ನ ಎದುರು ತಲೆ ತಗ್ಗಿಸಿರುವ,
ಅತ್ತೆ


ಮೇ 14

ನನ್ನ ಅತ್ತೆಗೆ,

ತಲೆ ಎತ್ತಿ. ಈ ಕಾಗದವನ್ನು ಮಗಳಿಗೂ ಓದಿ ಹೇಳಿ, ನಿಮ್ಮ ಪಕ್ಕದ ಮನೆಯವರಿಗೂ ಹೇಳಿ!

ಶನಿವಾರ ಊಟದ ಹೊತ್ತಿಗೆ ಮೇಜು ಹಾಕಿದೆ. ಡಬ್ಬಿ ಇಟ್ಟೆ. ಎಲ್ಲರೂ ಅದನ್ನು ನೋಡಿ ನೆಲ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಹದಿನೆಂಟು ಹೆಗಲಿಗೂ ಕೈ ಹೋಗಿತ್ತು. ಕಾಗದ ಓದಿದೆ. ಆರನೇ ಸೋಮವಾರದ ಹತ್ತಿರ ಒಂದೇ ಸಾಲನ್ನು ಎರಡು ಸಲ ಓದಿದೆ. ಸೀಟು ಹೊಲಿಯುವ ಅಕ್ಕ ಕಾಗದ ಕಿತ್ತುಕೊಂಡು ಉಳಿದದ್ದನ್ನು ತಾವೇ ಓದಿದರು.

ಓದಿ ಮುಗಿಯಿತು. ಮೇಸ್ತ್ರಿ ಎದ್ದು, ಮಂಡಿ ಹಿಡಿದುಕೊಂಡು ತಮ್ಮ ಬೆಂಚಿನವರೆಗೆ ಹೋಗಿ, ಡ್ರಾಯರನ್ನೇ ಕಿತ್ತು ತಂದು ಮೇಜಿನ ಮೇಲೆ ಬೋರಲು ಹಾಕಿದರು. ಅರವತ್ತನಾಲ್ಕು! "ಅವಳಿಗೆ ಇಲ್ಲ ಅಂದಾಗ ನಾನೂ ಅಲ್ಲೇ ನಿಂತಿದ್ದೆನಮ್ಮ" ಎಂದರು. ಅಷ್ಟೇ ಸಾಕಾಯಿತು. ಪೇಂಟರು ಖಾಲಿ ಬಣ್ಣದ ಡಬ್ಬದಿಂದ ಇಪ್ಪತ್ತು ತಂದರು. ವೆಲ್ಡರ್ ಹಳೇ ಕೈಗವಸಿನ ಬೆರಳುಗಳಿಂದ ಒಂಬತ್ತು ಉದುರಿಸಿದರು. ಸೀಟು ಹೊಲಿಯುವ ಅಕ್ಕ ದಾರದ ಡಬ್ಬಿಯಿಂದ ಹನ್ನೆರಡು ತೆಗೆದಾಗ ನಾನು ಕೇಳಿದೆ, "ಅಕ್ಕ, ಹೊಲಿಗೆಗೆ ಬೇರಿಂಗ್ ಯಾಕೆ?" ಅವರು, "ಎಲ್ಲರೂ ಇಟ್ಕೋತಾರೆ, ನಾನೊಬ್ಬಳು ಯಾಕೆ ಬಿಡ್ಲಿ?" ಎಂದರು. ಶೆಡ್ಡು ಹಾರಿಹೋಗುವಂತೆ ನಕ್ಕೆವು.

ಆ ನಗುವಿನ ನಡುವೆ ಅಪ್ಪ ಎಲ್ಲಿ ಎಂದು ನೋಡಿದರೆ ಇಲ್ಲ. ಆಫೀಸು ಕೋಣೆಯಿಂದ ಮೆಲ್ಲಗೆ ಬಂದರು, ಎರಡೂ ಕೈಯಲ್ಲಿ ಕರವಸ್ತ್ರದ ಗಂಟು. ಇಪ್ಪತ್ತಾರು, ಅತ್ತೆ! ಮಾಲೀಕರು ತಮ್ಮದೇ ಕಾರ್ಖಾನೆಯಿಂದ ಬಚ್ಚಿಟ್ಟದ್ದು! ಅಣ್ಣನ ಮುಖ ನೀವು ನೋಡಬೇಕಿತ್ತು. ಅಪ್ಪ ಅವನಿಗೆ, "ಏನ್ ನೋಡ್ತೀಯ? ನನಗೂ ನಿಮ್ಮತ್ತೆನೇ ಹೇಳಿದ್ದು" ಎಂದರು. ಅಣ್ಣ ಹೋಗಿ ಮೇಸ್ತ್ರಿಯ ಕೈ ಹಿಡಿದುಕೊಂಡ. ಅಲ್ಲಿ ಏನು ಹೇಳಿದನೋ ನಾನು ಕೇಳಿಸಿಕೊಳ್ಳಲು ಹೋಗಲಿಲ್ಲ.

ಒಟ್ಟು ಇನ್ನೂರ ಹನ್ನೊಂದು. ಬಾಕಿ ಕುರ್ಚಿಗಳಿಗೆ ಬೇಕಾದದ್ದು ನೂರ ಎಂಬತ್ತನಾಲ್ಕು. ನಾನೇ ಪರದೆಯಲ್ಲಿ ತುಂಬಿದೆ. ಸೊನ್ನೆ ಹೋಗಿ 211 ಬಂದಾಗ ಅವರು ಹೊಡೆದ ಚಪ್ಪಾಳೆ ನಿಮ್ಮ ಕಿವಿಗೂ ಕೇಳಿಸುವಂತಿತ್ತು.

ಉಳಿಯುವ ಇಪ್ಪತ್ತೇಳನ್ನು ಏನು ಮಾಡಿದೆ ಗೊತ್ತೇ? ಸಾಫ್ಟ್‌ವೇರಿನ ಹೆಂಗಸಿಗೆ ಹೇಳಿ ಪರದೆಯಲ್ಲಿ ಬೇರೆ ಸಾಲು ಮಾಡಿಸಿದೆ. "ಆಪತ್ಕಾಲಕ್ಕೆ: 27" ಎಂದು ಎಲ್ಲರಿಗೂ ಕಾಣುವಂತೆ. ಅದಕ್ಕಿಂತ ಕಡಿಮೆಯಾದರೆ ಸಾಲು ಕೆಂಪಾಗುತ್ತದೆ, ನಾನು ಅಂದೇ ಆರ್ಡರ್ ಹಾಕಬೇಕು. ನಿಮ್ಮ ಯೋಚನೆ ತಪ್ಪಾಗಿರಲಿಲ್ಲ ಅತ್ತೆ. ಅದು ಕತ್ತಲಲ್ಲಿತ್ತು, ಬೆಳಕಿಗೆ ತಂದೆವು ಅಷ್ಟೇ.

ನಿಮ್ಮನ್ನು ಹೆಗಲ ಮೇಲೆ ಹೊತ್ತು ಮೆರೆಸಬೇಕೆಂದಿರುವ,
ಗಡಿಬಿಡಿ


ಜೂನ್ 28

ಅತ್ತೆಗೆ,

ಕೊಟ್ಟೆವು. ಅರವತ್ತೂ ಕೊಟ್ಟೆವು. ಎರಡು ದಿನ ಮುಂಚೆ!

ಬೆಳಿಗ್ಗೆ ಎರಡು ಲಾರಿ ಹೊರಟವು. ಮುಂದಿನದರಲ್ಲಿ ನಾನು, ಅಪ್ಪ. ಹಿಂದಿನದರಲ್ಲಿ ಅಣ್ಣ, ಮೇಸ್ತ್ರಿ. ಥೆರಪಿ ಮೇಡಂ ಹೊರಗೆ ಬಂದು ಮೊದಲು ಕೈಗಡಿಯಾರ ನೋಡಿ, ಆಮೇಲೆ ನಮ್ಮನ್ನು ನೋಡಿದರು. "ತಾರೀಖು ತಪ್ಪಾಗಿ ಬಂದಿದ್ದೀರಾ?" ಎಂದು ಕೇಳಿದರು. ನಾನು, "ಇಲ್ಲ ಮೇಡಂ, ಈ ಸಲ ಸರಿಯಾಗಿ ಬಂದಿದ್ದೀವಿ" ಎಂದೆ.

ಅರವತ್ತು ಜನರ ಹೆಸರು ಅರವತ್ತು ಕುರ್ಚಿಯ ಮೇಲಿತ್ತು. ಒಬ್ಬೊಬ್ಬರಾಗಿ ಕೂತರು. ಒಬ್ಬಳು ಎತ್ತರದ ಹುಡುಗಿ ಕೂತು, ಕಾಲಿಡುವ ತಟ್ಟೆಯ ಮೇಲೆ ಪಾದ ಇಟ್ಟು, ಯಾರೂ ತಳ್ಳುವ ಮುಂಚೆ ತಾನೇ ಚಕ್ರ ತಿರುಗಿಸಿಕೊಂಡು ಕಾರಿಡಾರಿನ ತುದಿಯವರೆಗೆ ಹೋಗಿಬಿಟ್ಟಳು. ಅವಳ ತಾಯಿ ಹಿಂದೆ ಓಡಿದರು. ಅವಳು "ಬರಬೇಡ, ನಾನೇ ಬರ್ತೀನಿ" ಎಂದು ಕೂಗಿದಳು. ಮೇಸ್ತ್ರಿ ಗೋಡೆಯ ಕಡೆ ತಿರುಗಿ ನಿಂತರು. ನಾನೂ ಅತ್ತುಬಿಟ್ಟೆ ಅತ್ತೆ, ನಾಚಿಕೆಯಿಲ್ಲದೆ.

ಹೊರಡುವಾಗ ಮೇಡಂ ಹೇಳಿದರು, "ಇನ್ನೆರಡು ಆಸ್ಪತ್ರೆಯವರೂ ಕೇಳ್ತಿದ್ದಾರೆ. ಸೇರಿಸಿ ನೂರ ಹತ್ತು ಬೇಕು. ಯಾವಾಗ ಕೊಡ್ತೀರಿ?" ಅಪ್ಪ ಅಭ್ಯಾಸಬಲದಿಂದ "ನೋಡೋಣ, ಆದಷ್ಟು ಬೇಗ..." ಎಂದು ಶುರುಮಾಡಿದರು. ನಾನು ಮೊಬೈಲು ತೆಗೆದು ನೋಡಿದೆ. ಸಾಮಾನು ಎಷ್ಟಿದೆ, ಬರುವುದೆಷ್ಟು, ಯಾರ ಕೈಯಲ್ಲಿ ಎಷ್ಟು ಕೆಲಸವಿದೆ, ಎಲ್ಲ ಅಲ್ಲಿತ್ತು. "ಅಕ್ಟೋಬರ್ ಹದಿನೇಳು" ಎಂದೆ. ನಮ್ಮ ಕಾರ್ಖಾನೆಯವರು ಗಿರಾಕಿಯ ಎದುರು ನಿಂತ ನಿಲುವಿನಲ್ಲಿ ತಾರೀಖು ಹೇಳಿದ್ದು ಇದೇ ಮೊದಲು. ಮೇಡಂ ಅದನ್ನು ಬರೆದುಕೊಂಡರು. ನನ್ನನ್ನು ಕೂರಿಸಿ ಕಾಫಿ ಕೊಟ್ಟರು.

ವಾಪಸು ಬಂದು ಅಪ್ಪ ಗೇಟಿನ ಒಳಗೆ ಇಳಿದು, ಎಲ್ಲರನ್ನೂ ಕರೆದು, "ಶೋರೂಮ್ ಇಲ್ಲ. ಕುರ್ಚಿ ಮಾಡೋದು ನಿಲ್ಲಲ್ಲ. ಇನ್ಮೇಲೆ ಏನಿದ್ರೂ ನನ್ನ ಮಗಳನ್ನ ಕೇಳಿ" ಎಂದರು. ವೆಲ್ಡರ್ ಹಾಡತೊಡಗಿದರು, ಯಾರೂ ತಡೆಯಲಿಲ್ಲ.

ಅಣ್ಣ ಸಂಜೆ ನನ್ನ ಮೇಜಿನ ಹತ್ತಿರ ಬಂದು ನಿಂತ. "ಗಿರಾಕಿಗಳು ಈಗ ಜಾಸ್ತಿ ಆಗ್ತಾರೆ. ಆ ಸಿಆರ್‌ಎಂ..." ಎಂದ. "ಶೆಡ್ಡಲ್ಲಿ ಒಂದು ವಾರ ಕಾಗದ ಅಂಟಿಸು ಅಣ್ಣ. ಗಿರಾಕಿ ಬಗ್ಗೆ ಎಷ್ಟು ಪ್ರಶ್ನೆ ಬರುತ್ತೆ ನೋಡೋಣ" ಎಂದೆ. ಪೆನ್ಸಿಲು ಹುಡುಕಿಕೊಂಡು ಹೋದ.

ಗೆದ್ದಿದ್ದೇವೆ ಅತ್ತೆ. ನೀವು ಇಲ್ಲಿರಬೇಕಿತ್ತು.

ನಿಮ್ಮ
ಗಡಿಬಿಡಿ


ಜುಲೈ 4

ನನ್ನ ಬಂಗಾರಕ್ಕೆ,

ಕಾಗದ ಓದಿ ಅಡುಗೆಮನೆಯಲ್ಲಿ ನಿಂತು ಅಷ್ಟು ಜೋರಾಗಿ ಕೂಗಿದೆನಂತೆ, ಮಗಳು ಏನೋ ಬಿದ್ದಿತೆಂದು ಓಡಿ ಬಂದಳು. ಏನೂ ಬೀಳಲಿಲ್ಲ, ನಮ್ಮ ಹುಡುಗಿ ಗೆದ್ದಳು ಎಂದೆ.

ನಿನ್ನಂಥವಳು ನಮ್ಮ ಮನೆಯಲ್ಲಿ ಹುಟ್ಟಿದ್ದಕ್ಕೆ ನನಗೆ ಹೆಮ್ಮೆ. ಇದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ನಾನು ಬರೆದು ಹೇಳುತ್ತಿದ್ದೇನೆ, ಇಟ್ಟುಕೋ.

ಸೋಮವಾರದ ಮೊದಲ ಬಸ್ಸಿಗೆ ಬರುತ್ತಿದ್ದೇನೆ. ಸ್ಟೋರಿನ ಯಜಮಾನಿಕೆಗಲ್ಲ, ಅದು ನಿನ್ನದು. ನಿನ್ನ ಪಕ್ಕ ಒಂದು ಸ್ಟೂಲು ಹಾಕು, ಆ ಪರದೆ ಓದುವುದು ನನಗೆ ಕಲಿಸು. ನಿಧಾನಕ್ಕೆ ಕಲಿಯುತ್ತೇನೆ, ಎರಡು ಸಲ ಕೇಳುತ್ತೇನೆ, ರೇಗಬಾರದು.

ಅಕ್ಟೋಬರ್ ಹದಿನೇಳಕ್ಕೆ ನನ್ನ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿದ್ದೇನೆ. ಅಂದು ಲಾರಿಯ ಮುಂದಿನ ಸೀಟು ನನಗಿರಲಿ, ಕಿಟಕಿಯ ಪಕ್ಕದ್ದು. ನಿಮ್ಮಪ್ಪ ಹಿಂದಿನ ಲಾರಿಯಲ್ಲಿ ಬರಲಿ.

ನಿನ್ನ
ಅತ್ತೆ